ಖಾಲಿ ಓಡಿದ ಗ್ರೈಂಡರ್

ನನ್ನ ಕಿವಿಯಲ್ಲಿ ಒಂದು ಸದ್ದಿದೆ. ಇದನ್ನು ಬರೆಯುತ್ತಿರುವಾಗಲೂ ಇದೆ. ‘ಕೀ’ ಎಂದು ಶುರುವಾಗಿ ‘ಕೀ’ ಎಂದೇ ಮುಂದುವರಿಯುತ್ತದೆ. ರಾಗವಿಲ್ಲ, ತಾಳವಿಲ್ಲ, ಒಂದು ಕಡೆ ನಿಂತು ಉಸಿರು ತೆಗೆದುಕೊಳ್ಳೋಣ ಎನ್ನುವ ಮರ್ಯಾದೆಯಂತೂ ಇಲ್ಲವೇ ಇಲ್ಲ. ಇದು ದೇವರು ಕೊಟ್ಟಿದ್ದಲ್ಲ, ಇಂಜೆಕ್ಷನ್ ಕೊಟ್ಟಿದ್ದು. ಕೆಲವು ವರ್ಷಗಳ ಹಿಂದೆ ಕಿಡ್ನಿಗೆ ಸೋಂಕು ತಗುಲಿ, ಚಳಿಜ್ವರದಲ್ಲಿ ಹಲ್ಲು ಕಟಕಟಿಸುತ್ತಿದ್ದ ನನ್ನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದರು. ಯಾವ ಮಾತ್ರೆಗೂ ಬಗ್ಗದ ಜ್ವರ ಒಂದು ಜೋರಿನ ಇಂಜೆಕ್ಷನ್ನಿಗೆ ಬಗ್ಗಿತು. ಜೀವ ಉಳಿಯಿತು, ಜೊತೆಗೆ ಈ ಸದ್ದೂ ಉಳಿಯಿತು.

ಅದು ಗೊತ್ತಾದದ್ದು ಭದ್ರಾವತಿಗೆ ವಾಪಸು ಬಂದ ದಿನ. ಬಸ್ಸಿನ ಗಲಾಟೆಯಲ್ಲಿ ಏನೂ ತಿಳಿದಿರಲಿಲ್ಲ. ನ್ಯೂ ಟೌನಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನ ನಮ್ಮ ಮನೆಗೆ ಬಂದು ಅಮ್ಮ ಬಾಗಿಲು ಹಾಕಿದ ಕೂಡಲೇ ಕೇಳಿಸಿತು.

“ಅಮ್ಮಾ, ಕುಕ್ಕರ್ ಇಟ್ಟಿದೀಯಾ?”

“ಈಗ ತಾನೇ ನಿನ್ ಜೊತೇಲಿ ಒಳಗ್ ಬಂದಿದೀನಿ. ಕುಕ್ಕರ್ ಇಡೋಕೆ ನಂಗೇನು ನಾಕು ಕೈ ಇದ್ಯಾ?”

“ಮತ್ತೆ ಕೂಗ್ತಿರೋದು ಯಾರ ಮನೇದು?”

ಹುಡುಕಾಟ ಶುರುವಾಯಿತು. ಫ್ರಿಜ್ಜಿನ ಪ್ಲಗ್ ಕಿತ್ತೆವು, ಟೀವಿಯದ್ದು ಕಿತ್ತೆವು, ಗ್ಯಾಸಿನ ಕೀಲಿ ತಿರುಗಿಸಿ ಮೂಸಿ ನೋಡಿದೆವು. ಅಮ್ಮ ಮೀಟರ್ ಬೋರ್ಡಿಗೆ ಕಿವಿ ಹಚ್ಚಿ ನಿಂತಳು. ನಮ್ಮ ಗಲಾಟೆ ಕೇಳಿ ಪಕ್ಕದ ಮನೆಯ ಮಾಮಿ ಬಂದರು. ಗಂಡ ಕಾರ್ಖಾನೆಯಿಂದ ರಿಟೈರ್ ಆದ ಮೇಲೂ ತಮಿಳುನಾಡಿಗೆ ಹೋಗದೆ ಇಲ್ಲೇ ಉಳಿದ ಹೆಂಗಸು. ವಿಷಯ ಏನೆಂದು ಕೇಳದೆ ಅವರೂ ಒಂದು ಗೋಡೆಗೆ ಕಿವಿ ಹಚ್ಚಿದರು. ಕೊನೆಗೆ ನಾನು ಬೇಸತ್ತು ಎರಡೂ ಕಿವಿಗೆ ಬೆರಳು ತುರುಕಿಕೊಂಡೆ. ಸದ್ದು ಎರಡರಷ್ಟಾಯಿತು. ಕುಕ್ಕರ್ ನನ್ನ ತಲೆಯೊಳಗೇ ಇತ್ತು.

ಕಿವಿಯ ಡಾಕ್ಟರು ಪರೀಕ್ಷೆ ಮಾಡಬೇಕೆಂದರು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಪರೀಕ್ಷೆ ಎಂದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಒಂದು ಸಣ್ಣ ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ‘ಕೀ’ ಎಂದು ಕೇಳಿದಾಗಲೆಲ್ಲ ಒತ್ತಬೇಕಂತೆ. ಅಯ್ಯೋ, ಇದಕ್ಕಿಂತ ಸುಲಭದ ಪ್ರಶ್ನೆಪತ್ರಿಕೆ ಉಂಟೇ! ಒಂದೇ ಸಮನೆ ಒತ್ತಿದೆ. ಪೂರ್ತಿ ಮಾರ್ಕ್ಸ್ ತೆಗೆಯುವ ಹುರುಪಿನಲ್ಲಿ ಕಣ್ಣು ಮುಚ್ಚಿ ಒತ್ತುತ್ತಿದ್ದಾಗ ಪರೀಕ್ಷೆ ಮಾಡುವ ಹುಡುಗಿ ಬಾಗಿಲು ತೆಗೆದು, “ಮೇಡಂ, ನಾನಿನ್ನೂ ಶುರುನೇ ಮಾಡಿಲ್ಲ” ಎಂದಳು.

ಡಾಕ್ಟರು ನಗಲಿಲ್ಲ, ಪುಣ್ಯಾತ್ಮರು. “ಔಷಧಿ ಮಾಡಿರೋ ಕೆಲಸ ಇದು. ಕಮ್ಮಿ ಆದ್ರೂ ಆಗಬಹುದು, ಆಗದೇನೂ ಇರಬಹುದು. ಮೆತ್ತಗೆ ಮಾತಾಡಿದ್ರೆ ನಿಮಗೆ ಕೇಳೋದು ಸ್ವಲ್ಪ ಕಷ್ಟ ಆಗುತ್ತೆ. ಸದ್ದೇ ಇಲ್ಲದ ಕಡೆ ಮಾತ್ರ ಕೂರಬೇಡಿ. ಸುತ್ತ ಏನಾದ್ರೂ ಸದ್ದಿದ್ರೆ ಇದು ಅಡಗುತ್ತೆ,” ಎಂದರು.

ಮೊದಮೊದಲು ಅತ್ತೆ, ಸುಳ್ಳೇಕೆ ಹೇಳಲಿ. ದಿಂಬಿಗೆ ತಲೆ ಕೊಟ್ಟರೆ ಸಾಕು, ದಿಂಬೇ ಕೂಗಿದ ಹಾಗಾಗುತ್ತಿತ್ತು. ಆಮೇಲೆ ಗಲಾಟೆಯ ರುಚಿ ಹತ್ತಿತು. ಬೇರೆ ಟೀಚರುಗಳು ಎಂಟನೇ ಕ್ಲಾಸಿನಿಂದ ತಲೆನೋವು ಹೊತ್ತು ಬಂದರೆ ನಾನು ತೀರ್ಥಸ್ನಾನ ಮುಗಿಸಿದವಳಂತೆ ಬರುತ್ತಿದ್ದೆ. ಮನೆಯಲ್ಲಿ ಹಳೆಯ ಫ್ಯಾನು ‘ಕಟಕ್ ಕಟಕ್’ ಎನ್ನುತ್ತಿತ್ತು, ನನಗೆ ಅದೇ ಜೋಗುಳ. ಬೆಳಿಗ್ಗೆ ಮಾಮಿಯ ಮನೆಯ ಗ್ರೈಂಡರ್. ಮಧ್ಯಾಹ್ನ ಎದುರು ಮನೆಯ ಮೆಕ್ಯಾನಿಕ್ ಸಾಹೇಬರು ಅಂಗಳದಲ್ಲಿ ಯಾರದೋ ಬೈಕಿನ ಆಕ್ಸಿಲರೇಟರ್ ತಿರುವುತ್ತಿದ್ದರು. ಸಾಲಿನವರಿಗೆಲ್ಲ ನನ್ನ ಕಿವಿಯ ಸಮಾಚಾರ ಗೊತ್ತಿತ್ತು. ಅದಕ್ಕೆ ಸದ್ದೇ ಮದ್ದು ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ.

ಕಷ್ಟ ಬಂದದ್ದು ಮದುವೆಯ ವಿಷಯದಲ್ಲಿ. ಮೂವತ್ತೈದು ದಾಟಿದ ಮಗಳಿಗೆ ಸಂಬಂಧ ಬರುವುದೇ ಅಪರೂಪ. ಬಂದ ಒಂದು ಕಡೆಯವರಿಗೆ ನಾನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅವರು ಉಪ್ಪಿಟ್ಟು ಪೂರ್ತಿ ತಿಂದು, ಕಾಫಿ ಕುಡಿದು, ಹೊರಟವರು ಮಾರನೆಯ ದಿನ ದಲ್ಲಾಳಿಯ ಕೈಲಿ ‘ಹುಡುಗಿಗೆ ತಲೆಯಲ್ಲಿ ಏನೋ ಕೇಳಿಸುತ್ತಂತೆ, ನಮಗ್ಯಾಕೆ’ ಎಂದು ಹೇಳಿ ಕಳಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ಅಳಲಿಲ್ಲ, ಇನ್ನೂ ಕೆಟ್ಟದ್ದು ಮಾಡಿದಳು. ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

“ಇನ್ಮೇಲೆ ಯಾರ್ ಬಂದ್ರೂ ಕಿವಿ ಸುದ್ದಿ ಎತ್ತಲ್ಲ ಅಂತ ಆಣೆ ಮಾಡು. ತಾಳಿ ಬಿದ್ದ ಮೇಲೆ ಹೇಳ್ಕೋ, ನಾನ್ ಬೇಡ ಅನ್ನಲ್ಲ.”

“ಮೋಸ ಅಲ್ವೇನಮ್ಮ ಅದು?”

“ನಾನ್ ಹೋದ್ಮೇಲೆ ನೀನು ಈ ಎರಡು ರೂಮಲ್ಲಿ ಒಬ್ಬಳೇ ಆ ಸದ್ದು ಕೇಳ್ಕೊಂಡು ಕೂತಿರ್ತೀಯಲ್ಲ, ಅದೇನು ನ್ಯಾಯನಾ?”

ಆಣೆ ಮಾಡಿದೆ.

ಆಮೇಲೆ ಬಂದದ್ದು ಶಿವಮೊಗ್ಗದ ಸಂಬಂಧ. ಹುಡುಗನಿಗೆ, ಹುಡುಗ ಎನ್ನಬಹುದಾದರೆ, ನಲವತ್ತರ ಹತ್ತಿರ. ಹಿಟ್ಟಿನ ಗಿರಣಿ. ತಂದೆ ತಾಯಿ ಇಲ್ಲ, ಒಬ್ಬಳು ಅಕ್ಕ. ಭಾನುವಾರ ಅಕ್ಕ ತಮ್ಮ ಇಬ್ಬರೇ ಬರುತ್ತಾರೆ ಎಂದಾಯಿತು.

ನಮ್ಮ ಸಾಲಿನಲ್ಲಿ ಒಂದು ಪದ್ಧತಿ ಇದೆ. ಕ್ವಾರ್ಟರ್ಸಿನ ಗೋಡೆಗಳು ನೆಪಕ್ಕೆ ಮಾತ್ರ. ಈ ಮನೆಯಲ್ಲಿ ಸೀನಿದರೆ ಆ ಮನೆಯವರು ‘ಚಿರಂಜೀವಿ’ ಎನ್ನುತ್ತಾರೆ. ಕಾರ್ಖಾನೆ ಭರ್ತಿ ನಡೆಯುತ್ತಿದ್ದ ಕಾಲದಲ್ಲಿ ನೈಟ್ ಶಿಫ್ಟ್ ಮುಗಿಸಿದವರು ಹಗಲು ಮಲಗುತ್ತಿದ್ದರು, ಅವರಿಗಾಗಿ ಅಕ್ಕಪಕ್ಕದವರು ಬಾಯಿ ಕಟ್ಟಿಕೊಂಡು ಇರುತ್ತಿದ್ದರು. ಶಿಫ್ಟು ಹೋದರೂ ಅಭ್ಯಾಸ ಉಳಿಯಿತು. ಈಗ ಯಾರ ಮನೆಗಾದರೂ ಹೆಣ್ಣು ನೋಡಲು ಬಂದರೆ ಇಡೀ ಸಾಲು ಗಪ್‌ಚುಪ್.

ನನ್ನ ಪಾಲಿಗಂತೂ ಎಲ್ಲರೂ ಒಂದು ಕೈ ಹೆಚ್ಚೇ ಉಪಕಾರ ಮಾಡಿದರು. ಪಾಪ, ಕಿವಿ ಕೆಟ್ಟವಳು, ಸದ್ದಾದರೆ ತ್ರಾಸಾದೀತು ಎಂದು! ಮಾಮಿ ಗ್ರೈಂಡರ್ ಹಾಕುವುದಿಲ್ಲ ಎಂದರು. ಸಾಹೇಬರು ಶನಿವಾರವೇ ಏಣಿ ಹೊತ್ತು ಬಂದು ನಮ್ಮ ಫ್ಯಾನಿಗೆ ಎಣ್ಣೆ ಬಿಟ್ಟರು. “ಟೀಚರಮ್ಮ, ಈಗ ನೋಡಿ, ಮಖ್ಖನ್ ಥರ ತಿರುಗುತ್ತೆ. ನಾಳೆ ಒಂದ್ ಗಾಡೀನೂ ಸ್ಟಾರ್ಟ್ ಮಾಡಲ್ಲ, ಫಿಕರ್ ಮಾಡಬೇಡಿ,” ಎಂದರು. ನನ್ನ ಜೋಗುಳದ ಫ್ಯಾನು ತುಟಿ ಪಿಟಕ್ಕೆನ್ನದೆ ತಿರುಗುತ್ತಿತ್ತು. ನಾನು ಥ್ಯಾಂಕ್ಸ್ ಹೇಳಿದೆ, ಇನ್ನೇನು ಮಾಡಲಿ?

ಭಾನುವಾರ ಅವರು ಬಂದರು. ಅಕ್ಕ ಗಂಭೀರ, ರೇಷ್ಮೆ ಸೀರೆ. ತಮ್ಮ ಇಸ್ತ್ರಿ ಶರ್ಟಿನಲ್ಲಿ ಸೆಟೆದು ಕೂತಿದ್ದರು. ಎಷ್ಟು ತಿಕ್ಕಿ ಸ್ನಾನ ಮಾಡಿದ್ದರೋ ಏನೋ, ಆದರೂ ಕಿವಿಯ ಸುರುಳಿಯಲ್ಲಿ ಒಂದಿಷ್ಟು ಬಿಳಿ ಹಿಟ್ಟು ಉಳಿದುಬಿಟ್ಟಿತ್ತು. ಅದನ್ನು ನೋಡಿದ್ದೇ ತಡ, ನನಗೆ ಆ ಮನುಷ್ಯ ಇಷ್ಟವಾಗಿಬಿಟ್ಟರು. ಅಷ್ಟು ಬೇಗ ಇಷ್ಟವಾದದ್ದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಬದಲಿಗೆ ನಗು ಉಕ್ಕಿಬಂತು. ಕಾಫಿ ತಟ್ಟೆ ಗಲಗಲ ಅಲ್ಲಾಡಿತು.

ಅಷ್ಟರಲ್ಲಿ ಸಾಲು ಸುಮ್ಮನಾಯಿತು. ಎಂಥ ಸುಮ್ಮನೆ ಅಂತೀರಿ! ಒಂದು ಪಾತ್ರೆ ಬೀಳಲಿಲ್ಲ, ಒಂದು ಮಗು ಅಳಲಿಲ್ಲ. ನನ್ನ ತಲೆಯೊಳಗಿನ ಕುಕ್ಕರಿಗೆ ರಾಜ್ಯವೇ ಸಿಕ್ಕಿದ ಹಾಗಾಯಿತು. ಕೀ... ಎಂದು ಕಿವಿ ಹರಿದುಹೋಗುವಂತೆ ಕೂಗತೊಡಗಿತು. ಆ ಮನುಷ್ಯರೋ, ಮಾತಾಡುತ್ತಿದ್ದದ್ದು ಪಿಸುಗುಟ್ಟಿದ ಹಾಗೆ. ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಬರುತ್ತಿರಲಿಲ್ಲ. ಏನೋ ಕೇಳಿದರು. “ಹೂಂ” ಎಂದೆ. ಅಮ್ಮನ ಮುಖ ಅರಳಿತು. ಮತ್ತೇನೋ ಕೇಳಿದರು. ಮೊದಲನೆಯದು ಫಲಿಸಿತಲ್ಲ ಎಂಬ ಧೈರ್ಯದಲ್ಲಿ ಇನ್ನೂ ಚೆಂದವಾಗಿ ನಕ್ಕು “ಹೂಂ” ಎಂದೆ. ಅಮ್ಮನ ಮುಖ ಕಪ್ಪಿಟ್ಟಿತು. ಅಕ್ಕ ಕಾಫಿ ಲೋಟ ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು. ಆ ಮನುಷ್ಯ ತಲೆ ತಗ್ಗಿಸಿದರು. ಆಮೇಲೆ ತಿಳಿಯಿತು, ಎರಡನೆಯ ಸಲ ಅವರು ಕೇಳಿದ್ದು, ‘ನಿಮಗೆ ಮನಸ್ಸಿಲ್ಲದೆ ಅಮ್ಮನ ಬಲವಂತಕ್ಕೆ ಕೂತಿದ್ದೀರಾ?’ ಎಂದು.

ಅವರು ಏಳುವವರಿದ್ದಾರೆ ಎಂದು ನನಗೆ ಕಂಡಿತು. ಇಷ್ಟವಾದ ಒಬ್ಬ ಮನುಷ್ಯ, ಇನ್ನೆರಡು ಮಾತಿನಲ್ಲಿ ಎದ್ದು ಹೋಗುತ್ತಾರೆ, ಯಾಕೆ ಎನ್ನುವುದೂ ನನಗೆ ಕೇಳಿಸುವುದಿಲ್ಲ. ಸಿಟ್ಟು ನೆತ್ತಿಗೇರಿತು. ಕಿವಿಯ ಮೇಲೆ, ಇಂಜೆಕ್ಷನ್ನಿನ ಮೇಲೆ, ಎಣ್ಣೆ ಬಿಟ್ಟ ಸಾಹೇಬರ ಮೇಲೆ, ಆಣೆಯ ಮೇಲೆ. ದಡಬಡ ಎದ್ದು ಅಡುಗೆಮನೆಗೆ ಹೋಗಿ, ಕೈಗೆ ಸಿಕ್ಕಿದ ಸ್ವಿಚ್ ಒತ್ತಿದೆ. ಅದು ನಮ್ಮ ಗ್ರೈಂಡರಿನದು. ಒಳಗೆ ಒಂದು ಕಾಳೂ ಇರಲಿಲ್ಲ. ಕಲ್ಲಿಗೆ ಕಲ್ಲು ಉಜ್ಜಿ ‘ಗರಗರಗರ’ ಎಂದು ಶುರುವಾಯಿತು ನೋಡಿ, ಆಹಾ! ನನ್ನ ಕುಕ್ಕರ್ ತೆಪ್ಪಗಾಯಿತು. ಗೋಡೆಗೆ ಒರಗಿ ಕಣ್ಣು ಮುಚ್ಚಿದೆ.

ತೆರೆದಾಗ ಎದುರಿಗೆ ಅವರು. ಹೆಣ್ಣು ನೋಡಲು ಬಂದ ಗಂಡು, ನಮ್ಮ ಅಡುಗೆಮನೆಯಲ್ಲಿ, ಯಾರನ್ನೂ ಕೇಳದೆ, ಓಡಿಬಂದು ನಿಂತಿದ್ದರು.

“ಏನ್ ಮಾಡ್ತಿದೀರ್ರೀ! ಖಾಲಿ ಓಡಿಸಬಾರದು ಕಣ್ರೀ! ಕಲ್ಲು ಹಾಳಾಗಲ್ವಾ!” ಎಂದು ಕಿರುಚಿದರು. ಎಂಥ ಗಂಟಲು! ಗಿರಣಿಯ ಬೆಲ್ಟಿನ ಸದ್ದಿನ ಮೇಲೆ ವರ್ಷಾನುಗಟ್ಟಲೆ ಹಾಯಿಸಿದ ಗಂಟಲು. ಅಕ್ಷರ ಅಕ್ಷರವೂ ಕೇಳಿಸಿತು. ಪಕ್ಕದಲ್ಲಿ ಅಮ್ಮ ನಾಳೆಯ ದೋಸೆಗೆ ನೆನೆಸಿಟ್ಟ ಅಕ್ಕಿ ಇತ್ತು. ಇಸ್ತ್ರಿ ಶರ್ಟಿನ ತೋಳನ್ನೂ ಮಡಚದೆ ಪಾತ್ರೆಗೆ ಕೈ ಹಾಕಿ ಬೊಗಸೆ ಬೊಗಸೆ ತುಂಬಿ ಗ್ರೈಂಡರಿಗೆ ಸುರಿದರು. ನೀರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

“ನಿಮ್ ಧ್ವನಿ ಹೀಗಿದ್ಯಾ?” ಎಂದೆ ನಾನೂ ಕಿರುಚಿ. “ಮತ್ತೆ ಅಲ್ಲಿ ಯಾಕೆ ಹಂಗೆ ಪಿಸಿಪಿಸಿ ಅಂತಿದ್ರಿ?”

“ಅಕ್ಕ ಹೇಳಿದ್ಲು! ಗಿರಣೀಲಿ ಅರಚಿದ ಹಾಗೆ ಅರಚಬೇಡ, ಟೀಚರ್ ಮನೆ, ಮೆತ್ತಗೆ ಮಾತಾಡು ಅಂತ!”

ನಾನು ನಕ್ಕೆ. ನಗು ಹತ್ತಿಕ್ಕಲು ಹೋಗಿ ಬಿಕ್ಕಳಿಕೆ ಬಂತು. ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಅವಳ ಹಿಂದೆ ಅಕ್ಕ. ಅಮ್ಮ ನನ್ನನ್ನೇ ನೋಡುತ್ತಾ, ಬೇಡ ಎನ್ನುವಂತೆ ತನ್ನ ತಲೆ ಮುಟ್ಟಿ ತೋರಿಸಿದಳು. ಆಣೆ ನೆನಪಿತ್ತು. ಆದರೆ ಕಿವಿಯಲ್ಲಿ ಹಿಟ್ಟು ಇಟ್ಟುಕೊಂಡು ನಮ್ಮ ಕಲ್ಲು ಉಳಿಸಲು ಓಡಿಬಂದ ಮನುಷ್ಯನಿಗೆ ಮೋಸ ಮಾಡಲು ನನ್ನಿಂದ ಆಗಲಿಲ್ಲ.

“ನಂಗೆ ಕಿವಿ ಕೂಗುತ್ತೆ,” ಎಂದೆ. “ಜ್ವರದ ಇಂಜೆಕ್ಷನ್ನಿಂದ ಬಂದಿದ್ದು. ಹೋಗಲ್ಲ. ಸಾಯೋವರೆಗೂ ಇರಬಹುದು. ಮೆತ್ತಗೆ ಮಾತಾಡಿದ್ರೆ ಕೇಳಲ್ಲ, ನೀವೇನ್ ಕೇಳಿದ್ರಿ ಅಂತಾನೂ ಗೊತ್ತಿಲ್ಲ, ಸುಮ್ನೆ ಹೂಂ ಅಂದೆ. ಮನೇಲಿ ಸದ್ದೇ ಇಲ್ಲದಿದ್ರೆ ನಂಗೆ ಹುಚ್ಚು ಹಿಡಿದ ಹಾಗಾಗುತ್ತೆ. ಈಗ್ಲೇ ಹೇಳಿದೀನಿ. ಹೋಗೋದಾದ್ರೆ ಹೋಗಿ.”

ಅವರು ಗ್ರೈಂಡರಿನ ಅಂಚಿಗೆ ಹತ್ತಿದ ಅಕ್ಕಿಯನ್ನು ಬೆರಳಿನಿಂದ ಒಳಗೆ ತಳ್ಳಿದರು. ಗರಗರ ಹೋಗಿ ಮೆತ್ತನೆಯ ಗುಳುಗುಳು ಸದ್ದು ಬರುತ್ತಿತ್ತು.

“ನೀವೂ ಹಂಗಾದ್ರೆ ಇದರ ಥರಾನೇ,” ಎಂದರು ಗ್ರೈಂಡರ್ ತೋರಿಸಿ. “ಖಾಲಿ ಬಿಡಬಾರದು, ಅಷ್ಟೇ ತಾನೆ?”

ಪಕ್ಕದ ಮನೆಯಿಂದ ಮಾಮಿ ಗೋಡೆಯಾಚೆಗೇ “ಸರಿಯಮ್ಮಾ, ಒಪ್ಕೋ!” ಎಂದರು. ಪದ್ಧತಿ ಅಲ್ಲಿಗೆ ಮುರಿಯಿತು. ಎದುರಿನಿಂದ ಸಾಹೇಬರು ಯಾವುದೋ ಬೈಕಿಗೆ ಕಿಕ್ ಹೊಡೆದೇಬಿಟ್ಟರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಹಿಟ್ಟಿಗೆ ಉದ್ದು ಹಾಕಿದ್ರೇನ್ರೀ?” ಎಂದು ಅಮ್ಮನನ್ನು ಕೇಳುತ್ತಾ ಒಳಗೆ ಬಂದರು. ಅಮ್ಮನಿಗೆ ಆಮೇಲೆ ವಾರವಿಡೀ ತಲೆನೋವು, ಆಣೆ ಮುರಿದದ್ದಕ್ಕೇ ಎಂದು ಇವತ್ತಿಗೂ ಹೇಳುತ್ತಾಳೆ. ಹೇಳುವಾಗ ನಗುತ್ತಾಳೆ.

ಈಗ ನಾನಿರುವುದು ಶಿವಮೊಗ್ಗದಲ್ಲಿ, ಗಿರಣಿಯ ಮೇಲಿನ ಮನೆಯಲ್ಲಿ. ಅಮ್ಮನನ್ನೂ ಕರೆದುಕೊಂಡು ಬಂದಿದ್ದೇವೆ. ನೆಲ ದಿನವಿಡೀ ಗುಂಯ್ ಎನ್ನುತ್ತದೆ, ನಾನು ಸುಖವಾಗಿ ಉತ್ತರಪತ್ರಿಕೆ ತಿದ್ದುತ್ತೇನೆ. ಕಿವಿಯ ಸದ್ದು ಹೋಗಿಲ್ಲ. ಕರೆಂಟ್ ಹೋದಾಗ ಬೆಲ್ಟು ನಿಲ್ಲುತ್ತದೆ, ಮನೆ ಗಪ್ಪಾಗುತ್ತದೆ, ಕೀ ಎಂದು ಅದು ಎದ್ದು ಬರುತ್ತದೆ. ಅದು ಪೂರ್ತಿ ಏಳುವ ಮೊದಲೇ ಕೆಳಗಿನಿಂದ, ರಾಗಿ ಡಬ್ಬ ಹಿಡಿದು ನಿಂತ ಗಿರಾಕಿಗಳೆಲ್ಲರ ಎದುರಿಗೆ, ಆ ಗಂಟಲು ಕೂಗುತ್ತದೆ.

“ಮಾರಾಯ್ತೀ, ಖಾಲಿ ಓಡ್ತಿದ್ಯಾ? ಇರು, ಬಂದೆ!”