ಮೊಸಳೆ ಮೀನಿಗೆ ಮನೆಯಲ್ಲಿ ಜಾಗ ಕೊಟ್ಟ ಬಾಲಮ್ಮ

ಶಹಾಪುರದ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬಾಲಮ್ಮ ಪಡಸಾಲೆಯ ತೊಟ್ಟಿಯ ಪಕ್ಕ ನಿಂತು, ಉದ್ದನೆಯ ಇಕ್ಕಳದ ತುದಿಯಲ್ಲಿ ಸಣ್ಣ ಮೀನೊಂದನ್ನು ಹಿಡಿದು ನೀರಿಗೆ ಇಳಿಸುತ್ತಾರೆ. ಗಾಜಿನ ಹಿಂದೆ ಮರದ ಕೊರಡಿನಂತೆ ಅಲುಗಾಡದೆ ನಿಂತಿದ್ದ ಮೂರೂವರೆ ಅಡಿಯ ಮೀನು ಮೂತಿ ಹೊರಳಿಸುತ್ತದೆ. ಟಪ್ ಎಂದು ಸದ್ದು. ಇಕ್ಕಳ ಖಾಲಿ.

"ಕೈಲೆ ಕೊಡಂಗಿಲ್ರಿ," ಎಂದು ಹೆಬ್ಬೆರಳಿನ ಹೊಲಿಗೆ ಗುರುತು ತೋರಿಸುತ್ತಾರೆ. "ಅದರ ತಪ್ಪಲ್ಲ, ನಂದೇ ಅವಸರ."

ನಲವತ್ತೆಂಟರ ಬಾಲಮ್ಮ ಮನೆಮನೆಗೆ ಹೋಗಿ ಅಕ್ವೇರಿಯಂ ತೊಳೆಯುವವರು. ಸದ್ಯ ಒಂಬತ್ತು ಮನೆ, ಒಂದು ದವಾಖಾನೆ. ಮೊಸಳೆಯಂಥ ಮೂತಿಯ ಈ ಮೀನನ್ನು ಬಟ್ಟೆ ವ್ಯಾಪಾರಿ ಹಂಪಣ್ಣ ಬೆರಳುದ್ದ ಇದ್ದಾಗ ತಂದಿದ್ದರು. ಅದು ಜೊತೆಗಿದ್ದ ಗೋಲ್ಡ್‌ಫಿಶ್‌ಗಳನ್ನೆಲ್ಲ ನುಂಗಿತು. ಬೆಳೆದು, ತಿರುಗಲು ಜಾಗ ಸಾಲದೆ, ಗಾಜಿಗೆ ಉಜ್ಜಿ ಉಜ್ಜಿ ಮೂತಿ ಗಾಯ ಮಾಡಿಕೊಂಡಿತು. ಆರು ವರ್ಷದ ಹಿಂದೆ ಒಂದು ಮುಂಜಾನೆ ಬಾಲಮ್ಮ ಅವರ ಮನೆಗೆ ತೊಳೆಯಲು ಹೋದರೆ ಮೀನೇ ಇಲ್ಲ. ಮನೆಯವರನ್ನು ಕೇಳಿದಾಗ ಗೊತ್ತಾಯಿತು: ಹಂಪಣ್ಣ ಅದನ್ನು ಡ್ರಮ್ಮಿನಲ್ಲಿ ಹಾಕಿಕೊಂಡು ಕಾಲುವೆಗೆ ಬಿಡಲು ಹೊರಟಿದ್ದರು.

ಬಾಲಮ್ಮ ಆಟೊ ಹಿಡಿದು ಬೆನ್ನುಹತ್ತಿದರು. ದಂಡೆಯ ಮೇಲೆ ಡ್ರಮ್ಮು ವಾಲಿಸುವ ಹೊತ್ತಿಗೆ ಅಡ್ಡ ನಿಂತರು.

"ಬಿಡಬ್ಯಾಡ್ರಿ ಸಾವ್ಕಾರ್ರ. ಈ ನೀರು ಕೆರಿಗೆ ಹೋಗ್ತದ. ನಮ್ಮಣ್ಣ ಸಗರದ ಕೆರ್ಯಾಗ ಬಲಿ ಬೀಸಿ ಮೀನ ಹಿಡದು ಹೊಟ್ಟಿ ಹೊರಿತಾನ. ಇದು ಅಲ್ಲಿ ಮೀನಮರಿ ಒಂದೂ ಉಳಸಂಗಿಲ್ಲ."

"ಕೊಲ್ಲಾಕ ಮನಸಾಗವಲ್ದು. ಮತ್ತೇನ್ ಮಾಡ್ಲಿ? ನೀ ಒಯ್ತೀಯೇನು?"

"ಕೊಡ್ರಿ, ಒಯ್ತೀನಿ."

"ಬಾಯಿಗೆ ಬಂತು, ಅಂದಬಿಟ್ಟೆ," ಎಂದು ಬಾಲಮ್ಮ ಈಗ ನಗುತ್ತಾರೆ. "ತಿರುಗಿ ಬರುವಾಗ ಆಟೊದಾಗ ಕುಂತು, ಇದನ್ನ ಎಲ್ಲಿಡ್ಲಿ ಅಂತ ಲೆಕ್ಕ ಹಾಕಾಕತ್ತಿದ್ದೆ."

ಗೋಡೆ ಕಟ್ಟುವ ಗೌಂಡಿ ಕೆಲಸದ ಗಂಡ ಅಂಬ್ರಪ್ಪ ಎರಡು ದಿನ ಡ್ರಮ್ಮಿನತ್ತ ತಿರುಗಿಯೂ ನೋಡದೆ ಕೆಲಸಕ್ಕೆ ಹೋದರು. ಮೀನು ಡ್ರಮ್ಮಿನೊಳಗೆ ಬಿಲ್ಲಿನಂತೆ ಬಾಗಿಕೊಂಡೇ ಇತ್ತು. ಮೂರನೆಯ ದಿನ ಅವರೇ ಇಟ್ಟಿಗೆ ತಂದರು. ಪಡಸಾಲೆಯ ಮಂಚ ತೆಗೆದು, ಆ ಜಾಗದಲ್ಲಿ ಹತ್ತಡಿ ಉದ್ದದ ತೊಟ್ಟಿ ಕಟ್ಟಿ, ಮುಂಬದಿಗೆ ದಪ್ಪ ಗಾಜು ಕೂಡಿಸಿದರು. ಯಾಕೆಂದು ಕೇಳಿದರೆ ಅಂಬ್ರಪ್ಪ ಹೇಳುವುದು ಇಷ್ಟೇ: "ಮನಷ್ಯಾ ಎಲ್ಲಿ ಬೇಕಲ್ಲಿ ಮಲಗ್ತಾನ್ರಿ. ಅದು ಎಲ್ಲಿ ಮೈ ಹೊಳ್ಳಸಬೇಕು?"

ವಾರಕ್ಕೆರಡು ಸಲ ಮೂವತ್ತು ಕೊಡ ನೀರು ಬದಲಾಗಬೇಕು. ಹೊಸ ನೀರನ್ನು ಒಂದು ದಿನ ಮೊದಲೇ ತುಂಬಿಡಬೇಕು. ಓಣಿಯ ಬೋರು ಬತ್ತಿದ ಬೇಸಿಗೆಯಲ್ಲಿ, "ಕುಡ್ಯಾಕ ಇಲ್ಲ, ನಿನ್ನ ಮೀನಿಗೆ ನೀರಾ?" ಎಂದು ನೆರೆಮನೆಯ ಭಾಗಮ್ಮ ಜಗಳಕ್ಕೇ ನಿಂತಿದ್ದರು. ಬಾಲಮ್ಮ ಸಾರ್ವಜನಿಕ ನಳ ಬಿಟ್ಟು, ಒಂದೂವರೆ ಕಿಲೋಮೀಟರು ದೂರದ ಹೊಲದ ಬಾವಿಯಿಂದ ಹೊತ್ತು ತಂದರು. ಇಪ್ಪತ್ತು ದಿನ. ಇಪ್ಪತ್ತೊಂದನೆಯ ದಿನ ಭಾಗಮ್ಮನೂ ಒಂದು ಕೊಡ ಹಿಡಿದು ಜೊತೆಗೆ ಹೊರಟರು.

ಈಗ ಸುರಪುರ, ಗೋಗಿಯಿಂದಲೂ ಬೆಳೆದ ಮೀನು ಸಾಕಲಾಗದವರು ಫೋನ್ ಮಾಡುತ್ತಾರೆ. ತೊಟ್ಟಿಯಲ್ಲೀಗ ಅಂಥವೇ ಮೂರು ದೊಡ್ಡ ಮೀನು, ನಾಲ್ಕನೆಯದಕ್ಕೆ ಜಾಗವಿಲ್ಲ.

ನಿಮಗೇನು ಬೇಕು ಎಂದರೆ ಬಾಲಮ್ಮ ಇಕ್ಕಳ ಒರೆಸುತ್ತಾ ಹೇಳುತ್ತಾರೆ:

"ಅಂಗಡ್ಯಾವ್ರು ಮರಿ ಮಾರುವಾಗ, ಇದು ಇಷ್ಟುದ್ದ ಆಗ್ತದ ಅಂತ ಕೈ ಚಾಚಿ ತೋರಸ್ಲಿ ರೀ. ಅಷ್ಟು ಮಾಡಿದ್ರ ನನ್ನಂತಾಕಿ ಬೇಕಾಗಂಗಿಲ್ಲ."