ಒಂದು ಕೆನ್ನೆಯ ಗಡ್ಡ

ತಮ್ಮನನ್ನು ಮಣ್ಣು ಮಾಡಿದ ಮಾರನೆಯ ದಿನ ಟೈಲರಮ್ಮ ಕೇಳಿದ್ದು ಒಂದೇ ಮಾತು: "ಅವನ ಗಡ್ಡ ಅರ್ಧಕ್ಕೇ ಬಿಟ್ಟೋನು ಯಾರು? ನನಗೆ ಅವನ ಅಂಗಡಿ ತೋರಿಸು."

ಕೇಳಿದ್ದು ತಮ್ಮನ ಗೆಳೆಯನನ್ನು. ಇಬ್ಬರೂ ಹಡಗು ಕಟ್ಟುವಲ್ಲಿ ವೆಲ್ಡಿಂಗ್ ಕೆಲಸದವರು, ಒಂದೇ ಕೋಣೆಯಲ್ಲಿ ಇದ್ದವರು. ಕಾಯಿಲೆಯ ಸುದ್ದಿ ಕೇಳಿ ಅವಳು ಆ ಪರದೇಶಕ್ಕೆ ಬಂದಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಸ್ಪತ್ರೆಯವರು ಹೊದಿಕೆ ಸರಿಸಿದಾಗ ಕಂಡದ್ದು ನುಣುಪಾದ ಬಲಗೆನ್ನೆ, ಎಡಗೆನ್ನೆಯ ತುಂಬ ನರೆತ ಕುರುಚಲು.

ಅವನೋ ಶೋಕಿಯ ಮನುಷ್ಯ. ದಿನಾ ಬೆಳಿಗ್ಗೆ ನುಣ್ಣಗೆ ಗಡ್ಡ ತೆಗೆದು, ತಲೆ ಒದ್ದೆ ಮಾಡಿ ಬಾಚಿಕೊಂಡೇ ಕೆಲಸಕ್ಕೆ ಹೊರಡುವವನು. ಮುಖ ಪೂರ್ತಿ ಮುಚ್ಚಿಕೊಂಡು ಕಿಡಿ ಹಾರಿಸೋನಿಗೆ ಇದೆಲ್ಲ ಯಾಕೋ ಎಂದು ಜೊತೆಯವರು ರೇಗಿಸಿ 'ಮದುಮಗ' ಎಂದು ಹೆಸರಿಟ್ಟಿದ್ದರು. ಮದುವೆ ಮಾತ್ರ ಆಗಲಿಲ್ಲ. "ನಮ್ಮನೆ ಟೈಲರಮ್ಮ ಅಳತೆ ತಗೊಂಡು ಒಪ್ಪಬೇಕಲ್ಲಪ್ಪ" ಎಂದು ನಗುತ್ತಿದ್ದ. ತಾಯಿ ತೀರಿಕೊಂಡಾಗ ಅವನಿಗಿನ್ನೂ ಹಾಲುಹಲ್ಲು. ಹೊಲಿಗೆ ಮಿಷನ್ನಿನ ಪಕ್ಕ, ಚಿಂದಿಯ ರಾಶಿಯ ಮೇಲೆ ಮಲಗಿಸಿಕೊಂಡು ಸಾಕಿದವಳು ಅವಳೇ. ಅಂಚು ಮಡಚದೆ, ಗುಂಡಿ ಹಾಕದೆ ಒಂದು ಬಟ್ಟೆಯನ್ನೂ ಕೈಬಿಟ್ಟವಳಲ್ಲ. ಅಂಥವಳ ತಮ್ಮನನ್ನು ಯಾರೋ ಅರೆಬರೆ ಮಾಡಿ ಕಳಿಸಿದ್ದರು.

ಕ್ಷೌರದಂಗಡಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿತ್ತು. ಒಂದು ಕುರ್ಚಿ, ಅಂಚು ಕಪ್ಪಿಟ್ಟ ಕನ್ನಡಿ, ಒಲೆಯ ಮೇಲೆ ಬಿಸಿನೀರು, ಹಗ್ಗದ ಮೇಲೆ ಟವೆಲ್ಲುಗಳು. ಕ್ಷೌರಿಕ ಡೊಳ್ಳುಹೊಟ್ಟೆಯ ಮುದುಕ. ರಜೆಯ ದಿನ ಆಸ್ಪತ್ರೆಗೆ ಹೋಗಿ, ಎದ್ದು ಕೂರಲಾಗದವರ ಗಡ್ಡ ತೆಗೆದು ಬರುವುದು ಅವನ ರೂಢಿ. ಬಾಗಿಲಲ್ಲಿ ಹೆಂಗಸನ್ನು ಕಂಡು ಏನೋ ಹೇಳಿದ.

"ಏನಂತೆ?"

"ಹೆಂಗಸರ ಅಂಗಡಿ ಪಕ್ಕದ ಬೀದೀಲಿದೆಯಂತೆ," ಎಂದ ಗೆಳೆಯ.

"ಜಡೆ ಕತ್ತರಿಸ್ಕೊಳ್ಳೋಕೆ ಬಂದಿಲ್ಲ, ಜಗಳಕ್ಕೆ ಬಂದಿದೀನಿ ಅನ್ನು."

ಗೆಳೆಯ ಅಷ್ಟನ್ನು ಹೇಳಲಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡ ವೆಲ್ಡರನ ಮನೆಯವರು ಎಂದಷ್ಟೇ ಹೇಳಿದ. ಮುದುಕ ಕತ್ತರಿ ಕೆಳಗಿಟ್ಟ.

"ಅರ್ಧಕ್ಕೇ ಎದ್ದು ಹೋದನಲ್ಲ, ಊಟದ ಹೊತ್ತಾಗಿತ್ತಾ ಕೇಳು. ಹರಕು ಲಂಗಕ್ಕೂ ನಾನು ಇಷ್ಟು ಉದಾಸೀನ ಮಾಡಲ್ಲ!" ಅವಳ ಧ್ವನಿ ಏರಿತು.

"ಅಕ್ಕಾ, ಕೂತ್ಕೊಳ್ಳಿ. ಅಕ್ಕಾ..."

ಮುದುಕ ತಟ್ಟನೆ ಗೆಳೆಯನ ಬಾಯನ್ನೇ ನೋಡಿದ. ತನ್ನ ಎಡಗೆನ್ನೆ ಮುಟ್ಟಿಕೊಂಡು ಅದೇ ಮಾತನ್ನು ತನಗೆ ಬಂದಂತೆ ಆಡಿದ: "ಅಕಾ." ಆಮೇಲೆ ಗಡಿಬಿಡಿಯಲ್ಲಿ ಏನೇನೋ ಹೇಳಿದ. ಕೇಳುತ್ತ ಕೇಳುತ್ತ ಗೆಳೆಯ ಗೋಡೆಗೆ ಒರಗಿಕೊಂಡ.

"ಏನಂತೋ? ಬಾಯಿಬಿಡೋ."

"ಬಲಗಡೆ ಮುಗಿಸಿ ಎಡಗಡೆ ಕತ್ತಿ ಇಡೋ ಹೊತ್ತಿಗೆ ಅವನು ಹಾಗನ್ನೋಕೆ ಶುರುಮಾಡಿದ್ನಂತೆ. ಮತ್ತೆ ಮತ್ತೆ ಅದನ್ನೇ ಅಂದ್ನಂತೆ. ಉರೀತಿದೆ, ಬೇಡ ಅಂತಿದಾನೆ ಅಂದ್ಕೊಂಡು ಇವರು ನಿಲ್ಲಿಸಿಬಿಟ್ರಂತೆ. ನೊರೆ ಒರೆಸಿ, ಅವನು ಕಣ್ಣು ಮುಚ್ಚೋ ತನಕ ಕೈ ಹಿಡ್ಕೊಂಡು ಕೂತಿದ್ರಂತೆ. ನಾನು ಕೆಲಸದಲ್ಲಿದ್ದೆ..." ಅವನು ಮುದುಕನ ಕಡೆ ತಿರುಗಿದ. "ಈಗ ಕೇಳ್ತಿದಾರೆ, ಆ ಮಾತಿಗೆ ನೋವು ಅಂತಾನೇ ಅರ್ಥ ಅಲ್ವಾ ಅಂತ."

ಜಗಳಕ್ಕೆಂದು ಜೋಡಿಸಿಕೊಂಡು ಬಂದ ಮಾತೊಂದೂ ಅವಳಿಗೆ ನೆನಪಾಗಲಿಲ್ಲ. ಮುದುಕ ತಪ್ಪು ಮಾಡಿದವನ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದ. ಸಾಯುವವನು ಕರೆದದ್ದು ಒಡಹುಟ್ಟಿದವಳನ್ನು ಎಂದು ತಿಳಿದರೆ ಈತ ಇನ್ನು ಯಾವ ರೋಗಿಯ ಪಕ್ಕ ನೆಮ್ಮದಿಯಾಗಿ ಕೂತಾನು?

"ಹೌದು ಅನ್ನು. ನೋವು ಅಂತಾನೇ ಅನ್ನು."

"ಅಲ್ಲಕ್ಕ, ಅದು ಹೇಗೆ..."

"ಹೇಳೋ."

ಗೆಳೆಯ ಹೇಳಿದ. ಮುದುಕನ ಭುಜ ಇಳಿಯಿತು. ಹಾಗಾದರೆ ನಿಲ್ಲಿಸಿದ್ದೇ ಒಳ್ಳೆಯದಾಯಿತು ಎಂದ.

ಬಾಗಿಲ ತನಕ ಹೋದವಳು ತಿರುಗಿ ಬಂದಳು. "ಅವನು ಹೇಗಂದನೋ ಹಾಗೇ ಇನ್ನೊಂದ್ಸಲ ಹೇಳೋಕೆ ಹೇಳು."

ಮುದುಕ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ತೀರ ಮೆಲ್ಲಗೆ, ಕೊನೆಯನ್ನು ಎಳೆದು, ಪಕ್ಕದ ಕೋಣೆಯಲ್ಲಿದ್ದವರನ್ನು ಕರೆಯುವ ಹಾಗೆ ಹೇಳಿದ.

"ಏನೋ?" ಎಂದಳು ಅವಳು. "ಇಲ್ಲೇ ಇದೀನಿ ಕಣೋ."

ಏನೆಂದರು ಎಂದು ಮುದುಕ ಗೆಳೆಯನನ್ನು ಕೇಳಿದ. ಅವನು ಕುರ್ಚಿಯ ಬೆನ್ನಿಗೆ ಮುಖವಿಟ್ಟು ಅಳುತ್ತಿದ್ದ.