ನಷ್ಟದಲ್ಲಿ ಪಾಲು

ಯಲ್ಲಾಪುರದ ನಮ್ಮ ಮನೆಯಲ್ಲಿ ಸಂಜೆಯ ಚಹಾಕ್ಕೆ ಒಂದು ಕಪ್ ನೀರು ಹೆಚ್ಚಿಗೆ ಇಡುವುದು ಕೆಲವು ವರ್ಷ ನಡೆಯಿತು. ಆ ಕಪ್ಪಿಗೆ ಕುಡಿಯುವವರು ಇರಲಿಲ್ಲ. ಅಮ್ಮಿ ಅದನ್ನು ಹೊಸ್ತಿಲ ಹತ್ತಿರ ಇಟ್ಟು ಒಳಗೆ ಹೋಗುತ್ತಿದ್ದಳು. ಪೂರ್ತಿ ಆರಿದ ಮೇಲೆ ಅಬ್ಬಾ ಎದ್ದು ಬಂದು ಕುಡಿದು, ಕಪ್ ತೊಳೆದಿಡುತ್ತಿದ್ದರು. ಇದೆಲ್ಲ ಶುರುವಾದದ್ದು ಅಬ್ಬಾನ ನಿವೃತ್ತಿಯ ಹಣದಿಂದ.

ಅಬ್ಬಾ ಸರ್ಕಾರಿ ಬಸ್ಸಿನ ಡ್ರೈವರು. ಮುಂಬಯಿ ಸರ್ಕಾರದ ಬಸ್ಸು ಹೋಗಿ ಮೈಸೂರು ಸರ್ಕಾರದ್ದು ಬಂದರೂ ಅವರ ಖಾಕಿ ಅದೇ, ಓಡಿಸುವ ವೇಗವೂ ಅದೇ. ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ರಸ್ತೆಗಳಲ್ಲಿ ಅವರ ಬಸ್ಸು ಹತ್ತಿದವರು, ‘ಸಾಹೇಬ್ರ ಗಾಡಿಗೆ ಬುತ್ತಿ ಕಟ್ಕಂಡೇ ಬರಬೇಕು ಮಾರಾಯ’ ಎಂದು ನಗುತ್ತಿದ್ದರು. ಅರಬೈಲು ಘಟ್ಟದ ಒಂದು ತಿರುವಿನಲ್ಲಿ ಮಾತ್ರ, ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ, ಅವರು ಉದ್ದಕ್ಕೆ ಹಾರ್ನ್ ಒತ್ತುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಅಲ್ಲಿ ಒಂದು ಲಾರಿ ಕಣಿವೆಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದರಂತೆ. ಒಳಗಿದ್ದವರಿಗೆ ಸಲಾಂ ಹೇಳಿದೆ ಎನ್ನುತ್ತಿದ್ದರು. ಸತ್ತವರಿಗೆ ಹಾರ್ನ್ ಕೇಳುತ್ತದೆಯೇ ಎಂದು ನಾನು ಕೇಳಿದರೆ, ಶಾಲೆ ಕಲಿತು ನನ್ನ ತಲೆ ಕೆಟ್ಟಿದೆ ಎಂದು ಬಯ್ಯುತ್ತಿದ್ದರು.

ಅರವತ್ತರ ದಶಕದ ನಡುವೆ ಅವರು ನಿವೃತ್ತರಾದರು. ಕೈಗೆ ಪ್ರಾವಿಡೆಂಟ್ ಫಂಡಿನ ಹಣ ಬಂತು. ಗಂಡುಮಕ್ಕಳಿಲ್ಲ, ನಾನೊಬ್ಬಳೇ, ಆಗಷ್ಟೇ ಕನ್ನಡ ಶಾಲೆಗೆ ಮಾಸ್ತರಣಿಯಾಗಿ ಸೇರಿದ್ದೆ, ನಾಳೆ ಮದುವೆಯಾಗಿ ಹೋಗುವವಳು. ಸಾಯುವವರೆಗೆ ತಾವಿಬ್ಬರೂ ಯಾರ ಮುಂದೂ ಕೈಯೊಡ್ಡದೆ ಬದುಕಬೇಕು, ಆ ಹಣ ಅಷ್ಟಕ್ಕೆ ಸಾಕಾಗಬೇಕು. ಅಬ್ಬಾನಿಗೆ ಇದ್ದದ್ದು ಇದೊಂದೇ ಯೋಚನೆ.

ಬೇರೆಯವರಾಗಿದ್ದರೆ ಪೋಸ್ಟಾಫೀಸಿನಲ್ಲಿ ಇಟ್ಟು ಹಾಯಾಗಿ ಮಲಗುತ್ತಿದ್ದರು. ಅಬ್ಬಾನಿಗೆ ಬಡ್ಡಿ ಆಗುವುದಿಲ್ಲ, ಅದು ನಮ್ಮಲ್ಲಿ ಹರಾಮು. ಫಂಡಿನಲ್ಲೇ ಸರ್ಕಾರ ಸೇರಿಸಿದ್ದ ಬಡ್ಡಿಯನ್ನು ನನ್ನಿಂದ ಲೆಕ್ಕ ಹಾಕಿಸಿ, ಅಷ್ಟನ್ನೂ ಬೇರೆ ತೆಗೆದಿಟ್ಟು, ಸಂತೆ ಮಾಳದ ಹಿಂದೆ ಊರವರಿಗೆಂದು ಒಂದು ಕಕ್ಕಸು ಕಟ್ಟಿಸಿಬಿಟ್ಟರು. ಬಡ್ಡಿಯ ಹಣಕ್ಕೆ ಅದೇ ತಕ್ಕ ಜಾಗ ಎಂದು ಹಿರಿಯರು ಹೇಳಿದ್ದರಂತೆ. ಸಂತೆಗೆ ಬಂದವರು ಅದನ್ನು ‘ಡ್ರೈವರ್ ಸಾಹೇಬ್ರ ಬಂಗಲೆ’ ಎಂದು ಕರೆದರು. ನನಗೆ ಶಾಲೆಯಲ್ಲಿ ತಲೆ ಎತ್ತಲಾಗದಷ್ಟು ನಾಚಿಕೆ, ಅಬ್ಬಾನಿಗೆ ಮಾತ್ರ ಹಜ್ ಮಾಡಿ ಬಂದಷ್ಟು ನೆಮ್ಮದಿ.

ಉಳಿದ ಅಸಲನ್ನು ಎಲ್ಲಿ ಹಾಕುವುದು? ಅಮ್ಮಿಯ ಹತ್ತಿರ ಉತ್ತರ ಸಿದ್ಧವಿತ್ತು: ಮಾಮು. ಅವನು ಅಮ್ಮಿಯ ಒಬ್ಬನೇ ತಮ್ಮ, ತಾಯಿ ಹೋದ ಮೇಲೆ ಅವಳೇ ಎತ್ತಿ ಬೆಳೆಸಿದವನು. ಯಾರದೋ ಲಾರಿಯಲ್ಲಿ ಕಾಡಿನ ಮರದ ನಾಟಾ ಹೇರಿಕೊಂಡು ಅಂಕೋಲೆಗೆ ಇಳಿಯುತ್ತಿದ್ದ, ಬರುವಾಗ ಹೆಂಚು, ಉಪ್ಪು ತರುತ್ತಿದ್ದ. ನಮ್ಮ ಕೇರಿಯ ಮೂಲೆಗೆ ಬಂದಾಗ ಎರಡು ಉದ್ದ, ಒಂದು ಗಿಡ್ಡ ಹಾರ್ನ್ ಹಾಕುತ್ತಿದ್ದ. ಅದು ಕೇಳಿದೊಡನೆ ಅಮ್ಮಿ ಚಹಾಕ್ಕೆ ನೀರಿಡುತ್ತಿದ್ದಳು.

“ಹುಬ್ಬಳ್ಳಿಯಲ್ಲಿ ಒಂದು ಗಟ್ಟಿ ಲಾರಿ ಮಾರಾಟಕ್ಕಿದೆ ದೂಲಾಭಾಯಿ,” ಎಂದ ಮಾಮು ತನ್ನ ಭಾವನಿಗೆ. “ನೀವು ಹಣ ಹಾಕಿ, ನಾನು ದುಡೀತೇನೆ. ಲಾಭ ಬಂದ್ರೆ ಇಬ್ಬರಿಗೂ, ನಷ್ಟ ಬಂದ್ರೆ ಇಬ್ಬರಿಗೂ. ಬಡ್ಡಿಯ ಮಾತೇ ಇಲ್ಲ.”

ಅಬ್ಬಾ ಅವನನ್ನು ಕಣ್ತುಂಬ ನೋಡಿದರು. “ನಾನು ಮುಪ್ಪನ್ನ ಗಾಲಿಯ ಮೇಲೆ ಇಡೂದಿಲ್ಲ. ಆ ಘಟ್ಟ ನಿನಗಿಂತ ಹೆಚ್ಚು ನನಗೆ ಗೊತ್ತು.”

ಅಮ್ಮಿ ಆ ದಿನ ಅಬ್ಬಾನಿಗೆ ರೊಟ್ಟಿ ಬಡಿಸಿದ ಸದ್ದಿನಲ್ಲೇ ಅವಳ ಸಿಟ್ಟು ಗೊತ್ತಾಗುತ್ತಿತ್ತು.

ಸರ್ಕಾರ ಯುನಿಟ್ ಎನ್ನುವ ಹೊಸ ಉಳಿತಾಯ ಹೊರಡಿಸಿದ ಸುದ್ದಿ ಪತ್ರಿಕೆಯಲ್ಲಿ ಬಂದದ್ದು ಆಗಲೇ. ಓದಿ ಹೇಳಿದವಳು ನಾನು. ಅಬ್ಬಾ ಮರುದಿನವೇ ನನ್ನನ್ನು ಕರೆದುಕೊಂಡು ಸಿರ್ಸಿಯ ಬ್ಯಾಂಕಿಗೆ ಹೋದರು. ಅಲ್ಲಿದ್ದ ಗುಮಾಸ್ತರು ಅಬ್ಬಾನ ಬಸ್ಸಿನಲ್ಲಿ ಓಡಾಡಿದವರೇ. ಪರಿಚಯದ ಡ್ರೈವರಿಗೆ ತಿಳಿಯಲಿ ಎಂದು ಲಾರಿಯ ಲೆಕ್ಕದಲ್ಲೇ ವಿವರಿಸಿದರು.

“ಇದೆಂತ ಅಂದ್ರೆ ಸಾಹೇಬ್ರೇ, ನಿಮ್ಮ ಸಾಮಾನನ್ನ ಒಂದೇ ಲಾರಿಗೆ ಹೇರೂದಿಲ್ಲ. ನೂರು ಲಾರಿಗೆ ಹಂಚಿ ಹಾಕ್ತಾರೆ. ಒಂದು ಗಿರಣಿ, ಒಂದು ಕಾರ್ಖಾನೆ, ಒಂದಷ್ಟು ಸರ್ಕಾರಿ ಪತ್ರ, ಹೀಗೆ. ಒಂದು ಲಾರಿ ಘಟ್ಟದಲ್ಲಿ ಬಿದ್ರೂ ಉಳಿದವು ಊರು ಮುಟ್ತಾವೆ.”

“ನಷ್ಟ ಆದ್ರೆ?” ಎಂದರು ಅಬ್ಬಾ.

“ಛೇ, ಹೆದರಬೇಡಿ. ನಷ್ಟ ಆಗೂದಿಲ್ಲ.”

ಅಬ್ಬಾನ ಮುಖ ಸಪ್ಪಗಾಯಿತು. “ಆಗೋದೇ ಇಲ್ವಾ? ಹಂಗಾದ್ರೆ ನಂಗೆ ಬೇಡ.”

ಗುಮಾಸ್ತರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ನಷ್ಟವೇ ಆಗದ ಲಾಭ ಬಡ್ಡಿಯ ಇನ್ನೊಂದು ಹೆಸರು, ನಷ್ಟದಲ್ಲೂ ಪಾಲಿದ್ದರೆ ಮಾತ್ರ ಅದು ವ್ಯಾಪಾರ ಎಂದು ನಾನೇ ಬಿಡಿಸಿ ಹೇಳಬೇಕಾಯಿತು. ಅವರು ಬಿದ್ದು ಬಿದ್ದು ನಕ್ಕರು. “ನಷ್ಟ ಬೇಕು ಅಂತ ಕೇಳ್ಕಂಡು ಬಂದವರು ನೀವೇ ಮೊದಲು ಮಾರಾಯ್ರೆ! ಆಗ್ತದೆ, ಆಗ್ತದೆ, ನಷ್ಟವೂ ಆಗ್ಲಿಕ್ಕೆ ಸಾಕು.” ಅಬ್ಬಾ ಖುಷಿಯಾಗಿ ಸಹಿ ಹಾಕಿದರು. ಅದರೊಳಗಿನ ಸರ್ಕಾರಿ ಪತ್ರದ ಬಡ್ಡಿಯ ಚೂರನ್ನು ವರ್ಷವರ್ಷ ಬೇರೆ ತೆಗೆದರಾಯಿತು ಎಂದು ಬಸ್ಸಿನಲ್ಲೇ ತೀರ್ಮಾನಿಸಿಯೂ ಬಿಟ್ಟರು. ಇನ್ನೊಂದು ಬಂಗಲೆ ಏಳುತ್ತದಲ್ಲ ಎಂದು ನನಗೆ ಹೆದರಿಕೆ.

ಹುಬ್ಬಳ್ಳಿಯ ಲಾರಿ ಮಾಮುವಿಗೆ ದಕ್ಕಲಿಲ್ಲ. ಅವನು ತನ್ನಲ್ಲಿದ್ದ ಹಣಕ್ಕೆ ಅಮ್ಮಿಯ ಬಂಗಾರದ ಬಳೆ ಸೇರಿಸಿ ಒಂದು ಮುದಿ ಲಾರಿ ಕೊಂಡ. ಬಳೆ ಅಮ್ಮಿಯ ಸ್ವಂತದ್ದು, ಅಬ್ಬಾ ಬೇಡವೆನ್ನುವ ಹಾಗಿರಲಿಲ್ಲ. ಲಾರಿಯನ್ನು ಒಂದು ಸುತ್ತು ಓಡಿಸಿ ನೋಡಿ ಇಳಿದವರು, “ಬ್ರೇಕು ಬದಲಿಸು” ಎಂದರು. ಎರಡು ಬಾಡಿಗೆ ಬರಲಿ, ಬದಲಿಸುತ್ತೇನೆ ಎಂದ ಮಾಮು. ಅಬ್ಬಾ ಮತ್ತೆ ಏನೂ ಹೇಳಲಿಲ್ಲ. ಹಣ ಕೊಡದವನಿಗೆ ಬುದ್ಧಿ ಹೇಳುವ ಹಕ್ಕೆಲ್ಲಿದೆ ಎಂದುಕೊಂಡರೋ ಏನೋ.

ಮಳೆ ಶುರುವಾಗುವ ಮುಂಚೆ, ನಾಟಾ ತುಂಬಿಕೊಂಡು ಇಳಿಯುವಾಗ, ಅರಬೈಲು ಘಟ್ಟದ ಅದೇ ತಿರುವಿನಲ್ಲಿ ಲಾರಿ ಕಣಿವೆಗೆ ಹೋಯಿತು. ಮಾಮು ಒಬ್ಬನೇ ಇದ್ದ. ಹೆಣವನ್ನು ಹಗ್ಗ ಕಟ್ಟಿ ಮೇಲೆತ್ತಿದರು, ಲಾರಿಯನ್ನು ಎತ್ತಲು ಯಾರಿಗೂ ಆಗಲಿಲ್ಲ. ಅದು ಇವತ್ತಿಗೂ ನನ್ನ ಕಣ್ಣ ಮುಂದಿದೆ, ಕಣಿವೆಯ ಹಸಿರಿನಲ್ಲಿ ಮಕಾಡೆ ಬಿದ್ದ ಲಾರಿಯ ಗಾಲಿಗಳು.

ಅಮ್ಮಿ ಅತ್ತದ್ದು ಕಡಿಮೆ. ಆದರೆ ಸಂಜೆಯಾಗುತ್ತಲೇ ಕಿವಿ ನಿಮಿರಿಸಿ, “ಬಂದ ನೋಡು” ಎಂದು ಒಲೆಯ ಕಡೆ ಹೋಗಿಬಿಡುತ್ತಿದ್ದಳು. ನನಗೇನೂ ಕೇಳುತ್ತಿರಲಿಲ್ಲ. ಒಮ್ಮೆ ಮಾತ್ರ, ಮಕ್ಕಳ ಪಾಟಿ ನೋಡುತ್ತ ಕೂತಿದ್ದಾಗ, ಎರಡು ಉದ್ದ, ಒಂದು ಗಿಡ್ಡ, ನನಗೂ ಸ್ಪಷ್ಟ ಕೇಳಿತು. ತಲೆಯೆತ್ತಿದರೆ ಅಬ್ಬಾನೂ ಬಾಗಿಲ ಕಡೆ ನೋಡುತ್ತಿದ್ದರು. ನಾನು ಎದ್ದು ಹೋಗಿ ನೋಡಿದೆ. ಕೇರಿಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ.

ಆ ವರ್ಷ ಯುನಿಟ್ಟಿನ ಲಾಭಾಂಶ ಬಂತು, ಗುಮಾಸ್ತರು ಹೇಳಿದಂತೆಯೇ. ಒಂದು ಪೈಸೆ ಎಲ್ಲೂ ಬಿದ್ದಿರಲಿಲ್ಲ. ಅಬ್ಬಾ ಅದನ್ನು ಅಮ್ಮಿಯ ಮುಂದೆ ಇಟ್ಟರು, ಮನೆಗೆ ಅಕ್ಕಿ ತರಿಸು ಎಂದರು. ಅವಳು ಮುಟ್ಟಲಿಲ್ಲ.

“ಬಡ್ಡಿ ದುಡ್ಡಲ್ಲಿ ಕಕ್ಕಸು ಕಟ್ಟಿಸಿದ್ರಿ,” ಎಂದಳು. “ಇದ್ರಲ್ಲಿ ಎಂತ ಕಟ್ಟಿಸ್ತೀರಿ?”

ಅಬ್ಬಾ ಹಣವನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದರು.

“ನಷ್ಟದಲ್ಲೂ ಪಾಲು ಬೇಕು ಅಂತ ಸಿರ್ಸಿಗೆ ಹೋಗಿ ಕೇಳಿ ಬಂದ್ರಲ್ಲ. ನಷ್ಟ ಇಲ್ಲೇ, ನಮ್ಮ ಹೊಸ್ತಿಲಿಗೆ ಬಂದಿದೆ. ತಗೊಳ್ಳಿ ನಿಮ್ಮ ಪಾಲು.”

ನನಗೆ ಅಮ್ಮಿಯ ಮೇಲೆ ವಿಪರೀತ ಸಿಟ್ಟು ಬಂತು. ಅಬ್ಬಾನ ಹಣ ಲಾರಿಯ ಜೊತೆ ಹೋಗಿದ್ದರೆ ಇವಳು ಏನು ತಿನ್ನುತ್ತಿದ್ದಳು? ಆದರೆ ಆ ಹಣ ಸಿಕ್ಕಿದ್ದರೆ ಮಾಮು ಗಟ್ಟಿ ಲಾರಿಯಲ್ಲಿ ಇರುತ್ತಿದ್ದ ಎನ್ನುವುದೂ ಸುಳ್ಳಲ್ಲ. ಎರಡೂ ನಿಜವಾಗಿದ್ದವು. ಆ ಸಂಜೆಯಿಂದಲೇ ಅಬ್ಬಾ ಹೊಸ್ತಿಲ ಚಹಾ ಕುಡಿಯತೊಡಗಿದ್ದು.

ಮನೆ ನನ್ನ ಸಂಬಳದಲ್ಲಿ ನಡೆಯಿತು. ಯಾರ ಮುಂದೆ ಕೈಯೊಡ್ಡಬಾರದು ಎಂದಿದ್ದರೋ ಆ ಅಬ್ಬಾ ಮಗಳ ಮುಂದೆ ಬೀಡಿಗೆ ಚಿಲ್ಲರೆ ಕೇಳಿದರು. ಲಾಭಾಂಶದ ಹಣದಲ್ಲಿ ಮಳೆಗಾಲ ಮುಗಿದೊಡನೆ ಸುಣ್ಣ ಕೊಳ್ಳುತ್ತಿದ್ದರು. ಸುಣ್ಣ, ಕುಂಚ, ಒಬ್ಬ ಕೂಲಿಯಾಳಿನೊಂದಿಗೆ ಬಸ್ಸು ಹತ್ತಿ ಆ ತಿರುವಿನಲ್ಲಿ ಇಳಿದು, ರಸ್ತೆಯ ಅಂಚಿಗೆ ಕಲ್ಲು ಹೊಂದಿಸಿ ಬಳಿಯುತ್ತಿದ್ದರು, ಕತ್ತಲಲ್ಲಿ ಇಳಿಯುವವರಿಗೆ ಅಂಚು ಕಾಣಲಿ ಎಂದು. ಮಳೆ ಅದನ್ನೆಲ್ಲ ತೊಳೆದುಹಾಕುತ್ತಿತ್ತು. ಮುಂದಿನ ವರ್ಷ ಮತ್ತೆ ಲಾಭಾಂಶ, ಮತ್ತೆ ಸುಣ್ಣ.

ಆ ದಶಕ ಮುಗಿಯುತ್ತ ಬಂದ ಒಂದು ವರ್ಷ, ಅಬ್ಬಾ ಹೊರಟು ನಿಂತಾಗ ಅಮ್ಮಿ ಬುರ್ಖಾ ಹಾಕಿಕೊಂಡು ಹೊರಗೆ ಬಂದಳು. ಕೈಯಲ್ಲಿ ಒಂದು ಚೀಲ. ನಾನೂ ಜೊತೆಗೆ ಹೋದೆ. ಬಸ್ಸಿನ ಡ್ರೈವರು ಅಬ್ಬಾನ ಕೈಕೆಳಗೆ ಕಲಿತವನು, ತಿರುವಿನಲ್ಲಿ ನಿಲ್ಲಿಸಿ ಇಳಿಸಿದ. ಅಮ್ಮಿ ಅಂಚಿಗೆ ಹೋಗಿ ಕೆಳಗೆ ನೋಡಿದಳು. ಲಾರಿಯ ಮೇಲೆ ಬಳ್ಳಿ ಹಬ್ಬಿತ್ತು, ಒಂದು ಗಾಲಿ ಮಾತ್ರ ಕಾಣುತ್ತಿತ್ತು. ಅವಳು ತಿರುಗಿ ಬಂದು ಡ್ರೈವರನ ಕಿಟಕಿಯ ಕೆಳಗೆ ನಿಂತಳು.

“ಎರಡು ಉದ್ದ, ಒಂದು ಗಿಡ್ಡ. ಹಾಕಪ್ಪ.”

ಅವನು ಅಬ್ಬಾನ ಮುಖ ನೋಡಿದ. ಅಬ್ಬಾ ತಲೆಯಾಡಿಸಿದರು. ಹಾರ್ನಿನ ಸದ್ದು ಕಣಿವೆಗೆ ಹೋಗಿ ತಿರುಗಿ ಬಂತು, ಬಸ್ಸು ಮುಂದೆ ಹೋಯಿತು.

ಅಬ್ಬಾ ಕೂತು ಕಲ್ಲಿಗೆ ಸುಣ್ಣ ಬಳಿಯತೊಡಗಿದರು. ಅಮ್ಮಿ ಚೀಲದಿಂದ ಫ್ಲಾಸ್ಕ್ ತೆಗೆದಳು, ಹೊಸ್ತಿಲಲ್ಲಿ ಇಡುತ್ತಿದ್ದ ಅದೇ ಕಪ್ಪನ್ನೂ ತೆಗೆದು ಚಹಾ ಸುರಿದಳು. ಕಣಿವೆಯ ಅಂಚಿಗೆ ಇಡುತ್ತಾಳೆ ಎಂದುಕೊಂಡೆ. ಅವಳು ಅದನ್ನು ಅಬ್ಬಾನ ಸುಣ್ಣದ ಕೈಗೆ ಕೊಟ್ಟಳು.

“ಬಿಸಿ ಇದೆ,” ಎಂದಳು. “ಆರೋ ಮುಂಚೆ ಕುಡೀರಿ.”